ಸ್ಲಾಯ್ಡ್: ಚಾಕುವಿನಿಂದ ಆರಂಭವಾಗುವ ಮರಗೆಲಸ

ಸ್ಲಾಯ್ಡ್ ಎಂಬುದು ಕೈಗೆಲಸದ ಮೂಲಕ ಮಕ್ಕಳಿಗೆ ಶಿಕ್ಷಣ ಕೊಡುವ ಒಂದು ಪದ್ಧತಿ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಫಿನ್‌ಲೆಂಡ್ ಮತ್ತು ಸ್ವೀಡನ್‌ಗಳಲ್ಲಿ ರೂಪುಗೊಂಡಿತು. ಬಟ್ಟೆ, ಕಾಗದ, ಲೋಹಗಳ ಕೆಲಸವೂ ಇದರಲ್ಲಿ ಸೇರುತ್ತದಾದರೂ ಹೊರ ದೇಶಗಳಲ್ಲಿ ಇದು ಹೆಸರಾದದ್ದು ಮರಗೆಲಸದಿಂದಲೇ. ಒಂದು ಚಾಕು, ಅಗ್ಗದ ಒಂದು ಮರದ ತುಂಡು, ಮನೆಯಲ್ಲಿ ನಿಜವಾಗಿ ಬಳಕೆಗೆ ಬರುವ ಒಂದು ಸಣ್ಣ ವಸ್ತು: ಮೊದಲ ಪಾಠಕ್ಕೆ ಇಷ್ಟೇ ಸಾಕು. ಹೊಸಬರಿಗೆ ಮರಗೆಲಸವನ್ನು ಹಂತಹಂತವಾಗಿ ಕಲಿಸಲು ನಡೆದ ಪ್ರಯತ್ನಗಳಲ್ಲಿ ಇದರಷ್ಟು ಎಚ್ಚರದಿಂದ ಯೋಚಿಸಿದ್ದು ಬಹುಶಃ ಇನ್ನೊಂದಿಲ್ಲ.

ಹಿನ್ನೆಲೆ

ಮೊದಲು ದಾರಿ ಹಾಕಿದವರು ಫಿನ್‌ಲೆಂಡಿನ ಪಾದ್ರಿ ಉನೋ ಸಿಗ್ನೇಯುಸ್ (1810–1888). ರಷ್ಯದ ವಶದಲ್ಲಿದ್ದ ಅಲಾಸ್ಕದ ಸಿಟ್ಕಾದಲ್ಲಿ ಕೆಲವು ವರ್ಷ, ಬಳಿಕ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಕೆಲಸ ಮಾಡಿದ ಅವರನ್ನು ಪೆಸ್ಟಲಾಟ್ಸಿ ಮತ್ತು ಫ್ರೋಬೆಲರ ಶಿಕ್ಷಣ ವಿಚಾರಗಳು ಸೆಳೆದವು. ಶಿಶುವಿಹಾರದ ಮಗುವಿಗೆ ಕೈಚಟುವಟಿಕೆ ಬೇಕೆಂದು ಫ್ರೋಬೆಲ್ ಹೇಳಿದ್ದರೆ, ದೊಡ್ಡ ಮಕ್ಕಳಿಗೂ ಅದು ಮುಂದುವರಿಯಬೇಕೆಂಬುದು ಸಿಗ್ನೇಯುಸರ ನಿಲುವು. 1863ರಲ್ಲಿ ಯುವಾಸ್ಕುಲಾದಲ್ಲಿ ಶಿಕ್ಷಕರ ತರಬೇತಿ ಶಾಲೆ ತೆರೆಯಿತು. 1866ರ ಶಾಲಾ ಶಾಸನದಿಂದ ಫಿನ್‌ಲೆಂಡಿನ ಗ್ರಾಮೀಣ ಶಾಲೆಗಳ ಹುಡುಗರಿಗೆ ಕೈಗೆಲಸ ಕಡ್ಡಾಯ ವಿಷಯವಾಯಿತು.

ಇದೇ ಕಾಲದಲ್ಲಿ ಸ್ವೀಡನ್ನಿನ ಹಳ್ಳಿಗಳಲ್ಲಿ ಬೇರೊಂದು ಆತಂಕವಿತ್ತು. ಚಳಿಗಾಲದ ದೀರ್ಘ ಸಂಜೆಗಳಲ್ಲಿ ರೈತರು ಒಲೆಯ ಮುಂದೆ ಕುಳಿತು ಸೌಟು, ಕೊಡಲಿಯ ಕಾವು, ಕುಂಟೆಯ ಹಲ್ಲುಗಳನ್ನು ಕೆತ್ತಿಕೊಳ್ಳುತ್ತಿದ್ದರು. ಕಾರ್ಖಾನೆಯ ಸರಕು ಊರೊಳಗೆ ಬಂದ ಹಾಗೆ ಆ ರೂಢಿ ಸೊರಗಿತು.

ನೇಸ್ ಶಾಲೆ

ಗೋಥೆನ್‌ಬರ್ಗ್ ನಗರಕ್ಕೆ ಹತ್ತಿರದ ನೇಸ್ ಎಂಬ ಎಸ್ಟೇಟನ್ನು ಆಗಸ್ಟ್ ಅಬ್ರಹಾಮ್ಸನ್ ಎಂಬ ವರ್ತಕರು 1868ರಲ್ಲಿ ಕೊಂಡರು. ಅವರ ಸೋದರಳಿಯ ಒಟ್ಟೊ ಸಾಲೊಮನ್ (1849–1907) 1872ರಲ್ಲಿ ಅಲ್ಲಿ ಹುಡುಗರಿಗಾಗಿ ಕೈಗೆಲಸದ ಶಾಲೆ ನಡೆಸತೊಡಗಿದರು; ಕೆಲವೇ ವರ್ಷಗಳಲ್ಲಿ ಅದಕ್ಕೆ ಶಿಕ್ಷಕರ ತರಬೇತಿಯೂ ಸೇರಿತು. 1877ರಲ್ಲಿ ಸಾಲೊಮನ್ ಫಿನ್‌ಲೆಂಡಿಗೆ ಹೋಗಿ ಸಿಗ್ನೇಯುಸರನ್ನು ಕಂಡರು. ಅಲ್ಲಿಂದ ಬಂದ ಮೇಲೆ ಶಾಲೆಯ ಗುರಿಯೇ ಬದಲಾಯಿತೆನ್ನಬಹುದು. ಮನೆಕಸುಬನ್ನು ಉಳಿಸುವ ಉದ್ದೇಶ ಹಿಂದೆ ಸರಿದು, ಮಗುವಿನ ಕಣ್ಣು, ಕೈ, ಗಮನ, ತಾಳ್ಮೆಗಳನ್ನು ಬೆಳೆಸುವ ಉದ್ದೇಶ ಮುಂದೆ ಬಂತು. ಬಡಗಿಗಳನ್ನು ತಯಾರಿಸುವುದು ಶಾಲೆಯ ಕೆಲಸವಲ್ಲವೆಂದು ಸಾಲೊಮನ್ ಪದೇ ಪದೇ ಹೇಳಿದರು. ಕಲಿಸುವವರು ಕೂಡ ನುರಿತ ಬಡಗಿಗಿಂತ ತರಬೇತಿ ಪಡೆದ ಶಾಲಾ ಶಿಕ್ಷಕರೇ ಆಗಿರಬೇಕೆಂಬುದು ಅವರ ಮತ.

ನೇಸ್‌ನ ಹೆಸರು ನಿಂತಿರುವುದು ಅಲ್ಲಿ ಸಿದ್ಧವಾದ ಮಾದರಿಗಳ ಸರಣಿಯ ಮೇಲೆ. ಸಾಲೊಮನ್ ಮೊದಲು ಮರಗೆಲಸವನ್ನು ಒಡೆದು 80ಕ್ಕೂ ಹೆಚ್ಚು ಸಣ್ಣ ಕ್ರಿಯೆಗಳನ್ನಾಗಿ ಬಿಡಿಸಿದರು: ಎಳೆಯ ಗುಂಟ ಕೊಯ್ಯುವುದು, ಎಳೆಗೆ ಅಡ್ಡಲಾಗಿ ಕೊಯ್ಯುವುದು, ಓರೆಯಾಗಿ ಕೊಯ್ಯುವುದು, ಗರಗಸದಿಂದ ತುಂಡರಿಸುವುದು, ಬೈರಿಗೆಯಿಂದ ತೂತು ಕೊರೆಯುವುದು, ಹೀಗೆ. ಬಳಿಕ ಒಂದೊಂದು ವಸ್ತುವಿನಲ್ಲೂ ಒಂದೆರಡು ಹೊಸ ಕ್ರಿಯೆಗಳಷ್ಟೇ ಬರುವಂತೆ ವಸ್ತುಗಳನ್ನು ಸಾಲಾಗಿ ಜೋಡಿಸಿದರು. ಬೆರಳಿನಷ್ಟು ದಪ್ಪದ ಕಡ್ಡಿ, ಹೂಗಿಡಕ್ಕೆ ಆಸರೆಯ ಗೂಟ, ಲಕೋಟೆ ಬಿಡಿಸುವ ಮರದ ಚಾಕು, ಬೀಗದಕೈಗೆ ಕಟ್ಟುವ ಬಿಲ್ಲೆ ಮೊದಲ ಹಂತದವು. ಸುತ್ತಿಗೆಯ ಹಿಡಿ, ಸೌಟು, ಕೊಡಲಿಯ ಕಾವು ನಡುವೆ ಬರುತ್ತವೆ. ಡವ್‌ಟೇಲ್ ಜೋಡಣೆ ಬೇಕಾಗುವ ಪೆಟ್ಟಿಗೆಗಳು ಕೊನೆಯ ಕಡೆಗೆ.

ನಿಯಮಗಳು ಕಟ್ಟುನಿಟ್ಟಾಗಿದ್ದವು. ವಸ್ತು ಉಪಯೋಗಕ್ಕೆ ಬರಬೇಕು. ಬರೀ ಅಭ್ಯಾಸಕ್ಕೆಂದು ಮಾಡಿ ಎಸೆಯುವ ತುಂಡುಗಳು ಬೇಡ. ಅಲಂಕಾರದ ವಸ್ತುಗಳೂ ಬೇಡ. ಮಗು ಅದನ್ನು ತಾನೊಬ್ಬನೇ ಮಾಡಿ ಮುಗಿಸಬೇಕು. ಶಿಕ್ಷಕರು ತೋರಿಸಬಹುದು, ಹೇಳಬಹುದು, ಮಗುವಿನ ಕೆಲಸದ ಮೇಲೆ ಕೈಯಾಡಿಸುವಂತಿಲ್ಲ. ಮುಗಿದ ವಸ್ತು ಮಗುವಿನ ಮನೆಗೇ ಹೋಗಬೇಕು. ಬರ್ಚ್, ಪೈನ್‌ನಂಥ ಸ್ಥಳೀಯ ಮರಗಳೇ ಸಾಕಾಗುತ್ತಿದ್ದುದರಿಂದ ಸಾಮಗ್ರಿಗೆ ಖರ್ಚು ಕಡಿಮೆ. ಈ ಅಗ್ಗತನದ ಹಿಂದೆ ಶಿಕ್ಷಣದ ಲೆಕ್ಕವೂ ಇತ್ತು. ಕೆಟ್ಟುಹೋದ ಕಡ್ಡಿಯನ್ನು ಬಿಸುಟು ಇನ್ನೊಂದನ್ನು ಎತ್ತಿಕೊಳ್ಳಲು ಹಿಂಜರಿಯದ ಕಡೆ ಮಾತ್ರ ನಿಖರತೆಯನ್ನು ಒತ್ತಾಯಿಸಲು ಸಾಧ್ಯ.

ಮೊದಲ ಪಾಠ: ಹೂಗಿಡದ ಗೂಟ

ಗರಗಸವನ್ನಾಗಲಿ ತೋಪಡವನ್ನಾಗಲಿ ಮೊದಲು ಕೊಡದೆ ಚಾಕುವನ್ನೇ ಕೊಟ್ಟದ್ದಕ್ಕೆ ಎರಡು ಕಾರಣಗಳಿವೆ. ಹಳ್ಳಿಯ ಮಗುವಿಗೆ ಚಾಕು ಆಗಲೇ ಪರಿಚಿತ. ಅದಕ್ಕಿಂತ ಮುಖ್ಯವಾಗಿ, ಮರದ ಎಳೆ ಎತ್ತ ಓಡುತ್ತಿದೆ ಎಂಬುದನ್ನು ಚಾಕುವಿನಷ್ಟು ನೇರವಾಗಿ ಇನ್ನಾವ ಹತಾರವೂ ಕೈಗೆ ತಿಳಿಸುವುದಿಲ್ಲ. ಎಳೆಯ ಗುಂಟ ಹೋದಾಗ ಸಿಪ್ಪೆ ಸುರುಳಿಯಾಗಿ ಬಿಡುತ್ತದೆ, ಎಳೆಗೆ ಎದುರಾದಾಗ ಅಲಗು ಒಳಕ್ಕೆ ಕಚ್ಚಿ ಮರವನ್ನು ಸೀಳುತ್ತದೆ. ಹಾಗಾದ ಕೂಡಲೇ ತುಂಡನ್ನು ತಿರುಗಿಸಿ ಇನ್ನೊಂದು ತುದಿಯಿಂದ ಕೆತ್ತಬೇಕು.

ಗೂಟಕ್ಕೆ ಗಂಟಿಲ್ಲದ, ನೇರ ಎಳೆಯ ತುಂಡು ಬೇಕು. ಸುಮಾರು ಒಂದು ಅಡಿ ಉದ್ದ, ಅರ್ಧ ಅಂಗುಲ ದಪ್ಪ ಸಾಕು. ಸೀಳಿ ತೆಗೆದ ತುಂಡು ಗರಗಸದಲ್ಲಿ ಕೊಯ್ದದ್ದಕ್ಕಿಂತ ಒಳ್ಳೆಯದು. ಸೀಳು ಎಳೆಯನ್ನೇ ಹಿಂಬಾಲಿಸುತ್ತದೆ. ಮೊದಲು ನಾಲ್ಕು ಮುಖಗಳನ್ನು ಸಮ ಮಾಡಿ ಚೌಕ ತರಬೇಕು. ಆಮೇಲೆ ನಾಲ್ಕು ಏಣುಗಳನ್ನು ತೆಗೆದರೆ ಎಂಟು ಮುಖ. ಮತ್ತೆ ಏಣುಗಳನ್ನು ತೆಗೆದರೆ ಹದಿನಾರು. ಅಲ್ಲಿಂದ ದುಂಡಗಾಗಲು ಹೆಚ್ಚು ಕೆಲಸವಿಲ್ಲ. ಹೊಸಬರು ಸಾಮಾನ್ಯವಾಗಿ ಚೌಕವನ್ನು ಬಿಟ್ಟು ನೇರವಾಗಿ ದುಂಡಗೆ ಮಾಡಲು ಹೊರಡುತ್ತಾರೆ. ಗೂಟ ಒಂದು ಕಡೆ ಉಬ್ಬಿ ಇನ್ನೊಂದು ಕಡೆ ಸಣಕಲಾಗುವುದು ಅದರಿಂದಲೇ. ಕೊನೆಗೆ ಒಂದು ತುದಿಯನ್ನು ಚೂಪು ಮಾಡಿ, ಇನ್ನೊಂದರ ಅಂಚನ್ನು ಸುತ್ತಲೂ ಓರೆಯಾಗಿ ತೆಗೆಯಬೇಕು. ಉಪ್ಪುಕಾಗದ ಹಾಕುವುದಿದ್ದರೆ ಅಲಗಿನ ಕೆಲಸವೆಲ್ಲ ಮುಗಿದ ಮೇಲೆ. ಕಾಗದದ ಹರಳು ಮರದಲ್ಲಿ ಉಳಿದರೆ ಚಾಕುವಿನ ಬಾಯಿ ಮೊಂಡಾಗುತ್ತದೆ.

ಚಾಕು ಹರಿತವಾಗಿರಬೇಕು. ಮೊಂಡು ಚಾಕುವಿಗೆ ಬಲ ಹೆಚ್ಚು ಬೇಕು, ಬಲ ಹೆಚ್ಚಾದಷ್ಟೂ ಜಾರುವ ಭಯ ಹೆಚ್ಚು. ಮರ ಹಿಡಿದ ಕೈ ಯಾವಾಗಲೂ ಅಲಗಿನ ಹಿಂದೆ ಇರಬೇಕು. ತೊಡೆಯ ಮೇಲೆ ಇಟ್ಟು ಕೆತ್ತುವುದು ಅಪಾಯ. ಮೊಣಕೈಗಳನ್ನು ಮಂಡಿಯ ಮುಂದಕ್ಕೆ ಚಾಚಿ, ಅಲಗು ದೇಹದಿಂದ ಆಚೆಗೆ ಹೋಗುವಂತೆ ಕೂರಬೇಕು.

ಪ್ರಸಾರ ಮತ್ತು ಟೀಕೆ

ನೇಸ್‌ನ ಬೇಸಿಗೆ ತರಗತಿಗಳಿಗೆ ಹಲವು ದೇಶಗಳಿಂದ ಸಾವಿರಾರು ಶಿಕ್ಷಕರು ಬಂದರು, ಅವರಲ್ಲಿ ಮಹಿಳೆಯರೂ ಇದ್ದರು. ಅಲ್ಲಿ ಕಲಿತ ಗುಸ್ತಾಫ್ ಲಾರ್ಸನ್ 1888ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ತರಬೇತಿ ಆರಂಭಿಸಿದರು. ಡೆನ್ಮಾರ್ಕಿನ ಆಕ್ಸೆಲ್ ಮಿಕೆಲ್ಸನ್ ಭಿನ್ನಮತ ತಾಳಿದರು. ಒಬ್ಬೊಬ್ಬರಿಗೆ ಬೇರೆ ಬೇರೆಯಾಗಿ ಕಲಿಸುವ ಬದಲು ಇಡೀ ತರಗತಿಗೆ ಒಟ್ಟಿಗೆ ಕಲಿಸಬೇಕೆಂಬುದು ಅವರ ವಾದ. ಮಾದರಿಗಳನ್ನು ನಕಲು ಮಾಡಿಸಿದರೆ ಮಗುವಿನ ಸ್ವಂತ ಕಲ್ಪನೆಗೆ ಜಾಗ ಉಳಿಯದೆಂಬ ಟೀಕೆಯೂ ಬಂತು, ಅದರಲ್ಲಿ ಸತ್ಯವಿದೆ. ಆದರೆ ಸ್ವೀಡನ್ನಿನ ಮಾದರಿಗಳನ್ನೇ ಎಲ್ಲ ದೇಶಗಳೂ ಅನುಸರಿಸಬೇಕೆಂದು ಸಾಲೊಮನ್ ಕೇಳಲಿಲ್ಲ. ಕ್ರಮ ಉಳಿಯಲಿ, ವಸ್ತುಗಳು ಆಯಾ ನಾಡಿನ ಮನೆಬಳಕೆಯವಾಗಲಿ ಎಂಬುದು ಅವರ ಸಲಹೆ.

ಸ್ವೀಡನ್, ಫಿನ್‌ಲೆಂಡ್‌ಗಳ ಶಾಲೆಗಳಲ್ಲಿ ಹುಡುಗ ಹುಡುಗಿಯರಿಬ್ಬರಿಗೂ ಕೈಗೆಲಸ ಇಂದಿಗೂ ಕಡ್ಡಾಯ. ಶಾಲೆಯ ಹೊರಗೆ ವಿಲ್ಲೆ ಸುಂದ್‌ಕ್ವಿಸ್ಟ್‌ರಂಥ ಕುಶಲಿಗಳು ಚಾಕು ಮತ್ತು ಕೊಡಲಿಯ ಕೆತ್ತನೆಯನ್ನು ಹೊಸ ತಲೆಮಾರಿಗೆ ದಾಟಿಸಿದರು.

ಭಾರತದಲ್ಲಿ

ರವೀಂದ್ರನಾಥ ಠಾಕೂರರ ಬಳಗದ ಲಕ್ಷ್ಮೀಶ್ವರ ಸಿನ್ಹ 1920ರ ದಶಕದ ಕೊನೆಯಲ್ಲಿ ಸ್ವೀಡನ್ನಿಗೆ ಹೋಗಿ ಈ ವಿದ್ಯೆ ಕಲಿತರು. 1937ರ ವಾರ್ಧಾ ಸಮ್ಮೇಳನದಲ್ಲಿ ಗಾಂಧೀಜಿ ಮಂಡಿಸಿದ ಮೂಲಶಿಕ್ಷಣದ ಯೋಜನೆಯಲ್ಲಿ ನೂಲುವುದು, ನೇಯುವುದರ ಜೊತೆ ಬಡಗಿ ಕೆಲಸಕ್ಕೂ ಸ್ಥಾನವಿತ್ತು. ಹೋಲಿಕೆ ಕಂಡರೂ ಮುಖ್ಯ ವ್ಯತ್ಯಾಸ ಒಂದಿದೆ: ಮಕ್ಕಳ ದುಡಿಮೆಯ ಫಲದಿಂದ ಶಾಲೆಯ ಖರ್ಚು ಹುಟ್ಟಬೇಕೆಂದು ಗಾಂಧೀಜಿ ಬಯಸಿದರು, ನೇಸ್‌ನಲ್ಲಿ ಗಳಿಕೆ ಲೆಕ್ಕಕ್ಕೆ ಬರುತ್ತಿರಲಿಲ್ಲ.

ಕರ್ನಾಟಕದಲ್ಲಿ ಈ ಪಾಠಕ್ಕೆ ಬರ್ಚ್ ಹುಡುಕಬೇಕಾಗಿಲ್ಲ. ಚನ್ನಪಟ್ಟಣದ ಗೊಂಬೆಗಳಿಗೆ ಬಳಸುವ ಹಾಲೆ ಮರ ಮೃದು, ಎಳೆ ನಯ. ಕಾಫಿ ತೋಟಗಳ ಸಿಲ್ವರ್ ಓಕ್ ಹಲವೆಡೆ ಸುಲಭವಾಗಿ ಸಿಗುತ್ತದೆ. ಬೀಗದಕೈ ಬಿಲ್ಲೆ, ದೋಸೆ ಮಗುಚುವ ಕೈ, ಮಜ್ಜಿಗೆ ಕಡೆಯುವ ಕಡೆಗೋಲು ನಮ್ಮ ಮನೆಗಳಿಗೆ ಒಪ್ಪುವ ಸರಣಿಯಾದೀತು. ಮರಗೆಲಸ ಕಲಿಯಹೊರಟವರು ವಿದ್ಯುತ್ ಯಂತ್ರಗಳನ್ನು ಕೊಳ್ಳುವ ಮುನ್ನ ಒಳ್ಳೆಯ ಚಾಕು ಒಂದನ್ನು ಕೊಂಡು, ಒಂದು ಗೂಟವನ್ನು ಪೂರ್ತಿ ಮುಗಿಸಿ ನೋಡಬೇಕು.