ರಣರಂಗದ ಮದ್ಯ ಮತ್ತು ಪ್ರಮಾದದ ಪ್ರಶ್ನೆ

ಮೊದಲ ಮಹಾಯುದ್ಧದಲ್ಲಿ (1914-1918) ಪಶ್ಚಿಮ ರಣರಂಗದ ಕಂದಕಗಳಲ್ಲಿದ್ದ ಬ್ರಿಟಿಷ್ ಸೈನಿಕರಿಗೆ ಸೇನೆಯೇ ರಮ್ ಹಂಚುತ್ತಿತ್ತು. ಒಂದು ಗ್ಯಾಲನ್ ಹಿಡಿಯುವ ಜಾಡಿಗಳಲ್ಲಿ ಬರುತ್ತಿದ್ದ ಈ ಮದ್ಯದಲ್ಲಿ ಒಬ್ಬನ ಪಾಲು ಪೈಂಟಿನ ಹದಿನಾರನೆಯ ಒಂದು ಭಾಗ, ಎಂದರೆ ಸುಮಾರು 35 ಮಿಲಿಲೀಟರ್. ಅದನ್ನು ಅಧಿಕಾರಿಯ ಎದುರಿನಲ್ಲಿಯೇ ಕುಡಿಯಬೇಕು, ಕೂಡಿಡುವಂತಿರಲಿಲ್ಲ. ಚಳಿ, ಕೆಸರು, ನಿದ್ರಾಹೀನತೆಗಳ ನಡುವೆ ಅದು ಮುಂಜಾವದ ಸಾಂತ್ವನ. ದಾಳಿಗೆ ಮುನ್ನ ಕೊಟ್ಟಾಗ ಧೈರ್ಯದ ಸಾಧನ.

ಅದೇ ಸೇನೆಯ 1881ರ ಕಾಯಿದೆಯಂತೆ, ಯುದ್ಧಸೇವೆಯಲ್ಲಿ ಕಾವಲು ನಿಂತವನು ಕುಡಿದು ಮತ್ತನಾಗಿದ್ದರೆ ಮರಣದಂಡನೆಗೂ ಗುರಿಯಾಗಬಹುದಿತ್ತು. ತನ್ನವರ ಪ್ರಾಣ ಕಾಯುವಾಗ ಪೂರ್ಣ ಎಚ್ಚರ ಬೇಕು. ಎದುರಾಳಿಯ ಪ್ರಾಣ ತೆಗೆಯುವಾಗ ಎಚ್ಚರ ತುಸು ಮಸುಕಾದರೆ ಅನುಕೂಲ. ನೈತಿಕ ಪ್ರಶ್ನೆ ಹುಟ್ಟುವುದು ಈ ಇಬ್ಬಂದಿಯಲ್ಲಿ.

ಇದನ್ನು ವಿವೇಚಿಸಲು ಜೈನ ಆಚಾರಶಾಸ್ತ್ರ ಸೂಕ್ಷ್ಮವಾದ ಪರಿಭಾಷೆಯನ್ನು ಒದಗಿಸುತ್ತದೆ. ಉಮಾಸ್ವಾತಿ ಆಚಾರ್ಯರ ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯೆಂದರೆ ಬರಿಯ ಪ್ರಾಣಹರಣವಲ್ಲ, ಪ್ರಮಾದದಿಂದ ಕೂಡಿದ ಪ್ರಾಣಹರಣ. ಮದ್ಯವು ಮನಸ್ಸನ್ನು ಮೋಹಗೊಳಿಸುತ್ತದೆ, ಮೋಹಿತನು ಧರ್ಮವನ್ನು ಮರೆತು ಅಳುಕಿಲ್ಲದೆ ಹಿಂಸೆಗಿಳಿಯುತ್ತಾನೆ ಎಂಬುದು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಅಮೃತಚಂದ್ರಾಚಾರ್ಯರ ವಾದ. ಇದು ರಣರಂಗವನ್ನರಿಯದವರ ಬೋಧೆಯೆಂದು ತಳ್ಳಿಹಾಕುವಂತಿಲ್ಲ. ಗಂಗರ ದಂಡನಾಯಕನಾಗಿ ಯುದ್ಧಗಳನ್ನು ನಡೆಸಿದ ಚಾವುಂಡರಾಯನೇ ಚಾರಿತ್ರಸಾರದಲ್ಲಿ ಮದ್ಯತ್ಯಾಗವನ್ನು ಶ್ರಾವಕನ ಆಚಾರದಲ್ಲಿ ಸೇರಿಸಿದ್ದಾನೆ. ಗೃಹಸ್ಥನಿಗೆ ವಿರೋಧಿಹಿಂಸೆ ಅನಿವಾರ್ಯವಾಗಬಹುದು. ಅದನ್ನು ವಿವೇಕವಿಲ್ಲದೆ ಎಸಗುವುದು ಬೇರೆ ಮಾತು.

ಹಾಗೆಂದು ಕುಡಿದ ಸೈನಿಕನನ್ನು ಹಳಿಯುವುದು ಸುಲಭದ ತೀರ್ಪಾದೀತು. 33ನೆಯ ಡಿವಿಷನ್ನಿನ ಮುಖ್ಯಸ್ಥ ಮೇಜರ್ ಜನರಲ್ ಪಿನ್ನಿ ರಮ್ಮಿನ ಬದಲು ಚಹಾ ಕೊಡಿಸಿ ಸೈನಿಕರ ಅಸಮಾಧಾನಕ್ಕೆ ಪಾತ್ರನಾದ. ಯುದ್ಧಾಘಾತದಿಂದ ಮನಸ್ಸು ಕೆಟ್ಟವರ ಕುರಿತ ಬ್ರಿಟಿಷ್ ಸಮಿತಿಯ 1922ರ ವರದಿಯಲ್ಲಿ, ರಮ್ ಇಲ್ಲದಿದ್ದರೆ ಯುದ್ಧವನ್ನು ಗೆಲ್ಲುತ್ತಿರಲಿಲ್ಲವೆಂಬ ಸೇನಾ ವೈದ್ಯನೊಬ್ಬನ ಅಭಿಪ್ರಾಯ ದಾಖಲಾಗಿದೆ. ಎಚ್ಚರದ ಮನಸ್ಸು ಆ ಕಂದಕವನ್ನು ಸಹಿಸಲಾರದು ಎಂಬ ಒಪ್ಪಿಗೆ ಈ ಮಾತಿನೊಳಗಿದೆ.

ಜೈನ ಚಿಂತನೆ ಕರ್ಮದ ಹೊಣೆಯನ್ನು ಮಾಡಿದವನಿಗೆ ಮಾತ್ರ ಕಟ್ಟುವುದಿಲ್ಲ. ಕೃತ, ಕಾರಿತ, ಅನುಮತ ಎಂದು ಮೂರಾಗಿ ಎಣಿಸುತ್ತದೆ. ಗುಂಡು ಹಾರಿಸಿದ್ದು ಸೈನಿಕನ ಕೃತವಾದರೆ, ಅವನ ಪ್ರಮಾದವನ್ನು ಅಳೆದು ಹಂಚಿದ್ದು ಪ್ರಭುತ್ವದ ಕಾರಿತ, ದೂರದಲ್ಲಿ ಕುಳಿತು ವಿಜಯವನ್ನು ಮೆಚ್ಚಿದ್ದು ಸಮಾಜದ ಅನುಮತ. ಸೇನಾ ಕಾಯಿದೆಯಾದರೋ ದಂಡನೆಯನ್ನು ಮತ್ತನಾದ ಕಾವಲುಗಾರನಿಗಷ್ಟೇ ಮೀಸಲಿಟ್ಟಿತ್ತು.