ಗಲಿಲಾಯದ ಯೆಹೂದ್ಯ: ಯೇಸುವಿನ ಧರ್ಮ ಮತ್ತು ಕ್ರೈಸ್ತಧರ್ಮದ ಕವಲು

ಕ್ರೈಸ್ತಧರ್ಮದ ಸ್ಥಾಪಕ ಯೇಸು ಎಂಬ ಮಾತು ಪಠ್ಯಪುಸ್ತಕಗಳಲ್ಲಿ ರೂಢಿಯಾಗಿದೆ. ಆದರೆ ಯೇಸು ಬದುಕಿದ್ದಷ್ಟು ಕಾಲ ಆ ಹೆಸರಿನ ಧರ್ಮವೊಂದು ಲೋಕದಲ್ಲಿ ಇರಲಿಲ್ಲ. ಆತ ಹುಟ್ಟಿದ್ದು ಮಹಾ ಹೆರೋದನ ಆಳ್ವಿಕೆಯ ಕೊನೆಗಾಲದಲ್ಲಿ, ಅಂದರೆ ಕ್ರಿ.ಪೂ. 4ರಲ್ಲಿ ಅಥವಾ ಅದಕ್ಕೆ ತುಸು ಮೊದಲು. ಶಿಲುಬೆಗೇರಿದ್ದು ಪೊಂತ್ಯ ಪಿಲಾತನು ಯೂದಾಯ ಪ್ರಾಂತದ ರೋಮನ್ ಅಧಿಪತಿಯಾಗಿದ್ದ ಕ್ರಿ.ಶ. 26ರಿಂದ 36ರ ಅವಧಿಯಲ್ಲಿ, ಬಹುಶಃ 30ರಲ್ಲಿ. ಈ ನಡುವೆ ಆತ ಯೆಹೂದ್ಯನಾಗಿ ಬಾಳಿದ, ಯೆಹೂದ್ಯರಿಗೇ ಬೋಧಿಸಿದ, ಪೂರ್ವಿಕರು ಈಜಿಪ್ಟಿನ ದಾಸ್ಯದಿಂದ ಬಿಡುಗಡೆ ಪಡೆದ ನೆನಪಿನ ಪಸ್ಕ ಹಬ್ಬಕ್ಕೆಂದು ಯೆರೂಸಲೇಮಿಗೆ ಬಂದಿದ್ದಾಗ ಸೆರೆಸಿಕ್ಕಿದ. ಆತನ ಅನುಯಾಯಿಗಳ ಪಂಥ ಯೆಹೂದ್ಯಧರ್ಮದಿಂದ ಕವಲೊಡೆದು ಪೂರ್ತಿ ಬೇರೆಯಾಗಲು ಮುನ್ನೂರು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು. ಆ ಬೇರ್ಪಡೆಯನ್ನು ಯೇಸುವಿನ ಬದುಕಿನೊಳಕ್ಕೇ ತಂದು ಓದಿದ್ದರಿಂದ ಆತನ ಮಾತಿನ ಅರ್ಥವೂ ಮಸುಕಾಯಿತು, ಆತನ ಜನರೂ ಆತನ ವೈರಿಗಳಂತೆ ಕಂಡರು.

ಸುವಾರ್ತೆಗಳೆಂದು ಕರೆಯುವ ಯೇಸುವಿನ ನಾಲ್ಕು ಚರಿತ್ರೆಗಳು ಈ ವಿಷಯವನ್ನು ಎಲ್ಲಿಯೂ ಮುಚ್ಚಿಟ್ಟಿಲ್ಲ. ಮಗುವಿಗೆ ಎಂಟನೆಯ ದಿನ ಸುನ್ನತಿಯಾಯಿತೆಂದೂ, ತಾಯಿಯ ಶುದ್ಧೀಕರಣಕ್ಕಾಗಿ ದೇವಾಲಯದಲ್ಲಿ ಹಕ್ಕಿಗಳನ್ನು ಅರ್ಪಿಸಲಾಯಿತೆಂದೂ ಲೂಕನು ಬರೆಯುತ್ತಾನೆ. ಇದು ಕುರಿಮರಿ ಕೊಡಲು ಶಕ್ತಿಯಿಲ್ಲದ ಬಡವರಿಗೆ ಯಾಜಕಕಾಂಡ ವಿಧಿಸಿದ ಕಾಣಿಕೆಯಾದ್ದರಿಂದ ಕುಟುಂಬದ ಸ್ಥಿತಿಗತಿಯೂ ಇಲ್ಲಿ ತಿಳಿಯುತ್ತದೆ. ಊರೂರಿನ ಸಭಾಮಂದಿರಗಳಲ್ಲಿ, ಅಂದರೆ ಧರ್ಮಗ್ರಂಥದ ವಾಚನಕ್ಕೂ ಪ್ರಾರ್ಥನೆಗೂ ಯೆಹೂದ್ಯರು ಕೂಡುತ್ತಿದ್ದ ಮಂದಿರಗಳಲ್ಲಿ, ಯೇಸು ಬೋಧಿಸುತ್ತಾನೆ. ನಜರೇತಿನಲ್ಲಿ ಯೆಶಾಯ ಪ್ರವಾದಿಯ ಸುರುಳಿಯನ್ನು ಬಿಚ್ಚಿ ಓದುತ್ತಾನೆ. ರೋಗಪೀಡಿತಳೊಬ್ಬಳು ಜನಜಂಗುಳಿಯಲ್ಲಿ ಹಿಂದಿನಿಂದ ಬಂದು ಮುಟ್ಟುವುದು ಆತನ ಬಟ್ಟೆಯ ಅಂಚನ್ನು. ಅದಕ್ಕೆ ಬಳಸಿರುವ ಗ್ರೀಕ್ ಪದವು ಯೆಹೂದ್ಯ ಗಂಡಸರು ಧರ್ಮಶಾಸ್ತ್ರವನ್ನು ನೆನಪಿನಲ್ಲಿಡಲು ಹೊದಿಕೆಯ ಮೂಲೆಗಳಿಗೆ ಕಟ್ಟಿಕೊಳ್ಳಬೇಕೆಂದು ಅರಣ್ಯಕಾಂಡ ಹೇಳುವ ಗೊಂಡೆಗಳಿಗೂ ಸಲ್ಲುತ್ತದೆ.

ಗಲಿಲಾಯ ಅರೆಬರೆ ಅನ್ಯಜನರ ನಾಡಾಗಿತ್ತು, ಅಲ್ಲಿ ಬೆಳೆದವನಿಗೆ ಯೆಹೂದ್ಯ ಸಂಸ್ಕಾರ ತೆಳುವಾಗಿಯೇ ಇದ್ದಿರಬೇಕು ಎಂಬ ವಾದವೊಂದು ಹತ್ತೊಂಬತ್ತನೆಯ ಶತಮಾನದಿಂದ ಯುರೋಪಿನಲ್ಲಿ ಓಡಾಡುತ್ತಿತ್ತು. ಉತ್ಖನನಗಳು ಅದಕ್ಕೆ ಆಸ್ಪದ ಉಳಿಸಿಲ್ಲ. ಆ ಕಾಲದ ಗಲಿಲಾಯದ ಯೆಹೂದ್ಯ ನೆಲೆಗಳಲ್ಲಿ ಮೆಟ್ಟಿಲಿಳಿದು ಮುಳುಗೇಳುವ ಶುದ್ಧಿಕೊಳಗಳು ಸಿಕ್ಕಿವೆ, ಹಂದಿಯ ಮೂಳೆಗಳು ತೀರ ವಿರಳ. ಗಲಿಲಾಯ ಸಮುದ್ರದ ದಂಡೆಯ ಮಗ್ದಲದಲ್ಲಿ 2009ರಲ್ಲಿ ಮೊದಲ ಶತಮಾನದ ಸಭಾಮಂದಿರವೊಂದು ಬೆಳಕಿಗೆ ಬಂದಿತು. ಅದರೊಳಗಿನ ಕೆತ್ತನೆಯ ಕಲ್ಲಿನ ಮೇಲೆ ಯೆರೂಸಲೇಮಿನ ದೇವಾಲಯದಲ್ಲಿದ್ದ ಏಳು ಕವಲಿನ ದೀಪಸ್ತಂಭದ ಚಿತ್ರವಿದೆ. ಎಲ್ಲಕ್ಕಿಂತ ಹೆಚ್ಚು ಮಾತಾಡುವ ಸಾಕ್ಷ್ಯವೆಂದರೆ ಮೆತುವಾದ ಸುಣ್ಣಕಲ್ಲಿನಲ್ಲಿ ಕಡೆದು ಮಾಡಿದ ಲೋಟ, ಬೋಗುಣಿ, ಹರವಿಗಳು. ಮೈಲಿಗೆಯಾದ ಮಣ್ಣಿನ ಪಾತ್ರೆಯನ್ನು ಒಡೆದುಹಾಕಬೇಕೆಂದು ಯಾಜಕಕಾಂಡದ ವಿಧಿ. ಕಲ್ಲಿಗೆ ಮೈಲಿಗೆ ತಟ್ಟದೆಂಬುದು ಧರ್ಮಜ್ಞರ ತೀರ್ಮಾನ. ಸೂತಕ ಕಳೆದ ಮೇಲೆ ಮಡಕೆಗಳನ್ನು ಹೊರಗೆಸೆದು ಹಿತ್ತಾಳೆ ತಾಮ್ರದ ಪಾತ್ರೆಗಳನ್ನು ಹುಳಿ ಹಚ್ಚಿ ತೊಳೆದು ಒಳಗೆ ತರುತ್ತಿದ್ದ ಕನ್ನಡನಾಡಿನ ಮನೆಗಳಿಗೆ ಈ ತರ್ಕ ಅಪರಿಚಿತವೇನಲ್ಲ. ನಜರೇತಿಗೆ ಹತ್ತಿರದ ರೇಯ್ನಾ ಎಂಬಲ್ಲಿ ಇಂಥ ಪಾತ್ರೆಗಳನ್ನು ಮಾಡುತ್ತಿದ್ದ ಗಣಿಯೂ ಕಾರ್ಯಾಗಾರವೂ ಸಿಕ್ಕಿರುವುದರಿಂದ, ಮಡಿ ಮೈಲಿಗೆಯ ಈ ಎಚ್ಚರ ಯೆರೂಸಲೇಮಿನ ಯಾಜಕರಿಗಷ್ಟೇ ಸೀಮಿತವಾಗಿರದೆ ಯೇಸುವಿನ ನೆರೆಹೊರೆಯ ರೈತರ ಅಡುಗೆಮನೆಯಲ್ಲೂ ಇತ್ತೆಂಬುದು ಖಚಿತವಾಗುತ್ತದೆ. ಕಾನಾ ಊರಿನ ಮದುವೆಮನೆಯಲ್ಲಿ ಶುದ್ಧಿಗೆಂದು ಇಟ್ಟಿದ್ದ ಆರು ಕಲ್ಲಿನ ಹರವಿಗಳನ್ನು ಯೋಹಾನನ ಸುವಾರ್ತೆ ಹೆಸರಿಸುವುದು ಇದೇ ಬಳಕೆಯನ್ನು.

ಹಾಗಾದರೆ ಫರಿಸಾಯರೊಡನೆ ಯೇಸು ನಡೆಸಿದ ವಾಗ್ವಾದಗಳ ಅರ್ಥವೇನು? ಫರಿಸಾಯರೆಂದರೆ ಬರೆದಿಟ್ಟ ಧರ್ಮಶಾಸ್ತ್ರದ ಜೊತೆಗೆ ಹಿರಿಯರ ಬಾಯಿಂದ ಬಂದ ಸಂಪ್ರದಾಯಕ್ಕೂ ಮಾನ್ಯತೆ ಕೊಡುತ್ತಿದ್ದ, ಜನಸಾಮಾನ್ಯರ ಗೌರವ ಪಡೆದಿದ್ದ ಪಂಥ. ದೇವಾಲಯದ ಶ್ರೀಮಂತ ಯಾಜಕರಲ್ಲಿ ಬೇರೂರಿದ್ದ ಸದ್ದುಕಾಯರು, ಕಟ್ಟುನಿಟ್ಟಿನ ಎಸ್ಸೀನರು ಉಳಿದೆರಡು ಪಂಥಗಳೆಂದು ಕ್ರಿ.ಶ. 37ರಲ್ಲಿ ಹುಟ್ಟಿದ ಯೆಹೂದ್ಯ ಇತಿಹಾಸಕಾರ ಜೋಸೀಫಸ್ ವಿವರಿಸುತ್ತಾನೆ. ಶುಕ್ರವಾರದ ಸೂರ್ಯಾಸ್ತದಿಂದ ಶನಿವಾರದ ಸೂರ್ಯಾಸ್ತದವರೆಗಿನ ವಿಶ್ರಾಂತಿಯ ದಿನವಾದ ಸಬ್ಬತ್ತನ್ನು ಯೇಸು ಮುರಿದನೆಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ಆದರೆ ವಾದದ ಒಳಗಿಳಿದು ನೋಡಿದರೆ ಬೇರೆಯೇ ಚಿತ್ರ ಮೂಡುತ್ತದೆ. ಸಬ್ಬತ್ತಿನಂದು ಗುಂಡಿಗೆ ಬಿದ್ದ ಕುರಿಯನ್ನು ನಿಮ್ಮಲ್ಲಿ ಯಾರು ತಾನೇ ಎತ್ತುವುದಿಲ್ಲ ಎಂಬರ್ಥದ ಪ್ರಶ್ನೆಯನ್ನು ಯೇಸು ಕೇಳಿದನೆಂದು ಮತ್ತಾಯನು ಹೇಳುತ್ತಾನೆ. ಮೃತಸಮುದ್ರದ ದಂಡೆಯ ಕುಮ್ರಾನ್ ಗವಿಗಳಲ್ಲಿ 1947ರಿಂದ ಮುಂದೆ ದೊರೆತ ಸುರುಳಿಗಳಲ್ಲಿ ಇದೇ ಪ್ರಶ್ನೆಗೆ ಅವನ್ನು ಇರಿಸಿಕೊಂಡಿದ್ದ ಯೆಹೂದ್ಯ ಸಮುದಾಯದ ಉತ್ತರವಿದೆ: ಗುಂಡಿಗೆ ಬಿದ್ದ ಪ್ರಾಣಿಯನ್ನು ಸಬ್ಬತ್ತಿನಂದು ಎತ್ತಕೂಡದು, ನೀರಿಗೆ ಬಿದ್ದದ್ದು ಮನುಷ್ಯನಾದರೆ ತನ್ನ ಬಟ್ಟೆಯನ್ನು ಎಸೆದು ಆತನನ್ನು ಎಳೆದುಕೊಳ್ಳಬಹುದು, ಆದರೆ ಅದಕ್ಕಾಗಿ ಸಲಕರಣೆಯನ್ನು ಹೊತ್ತು ತರಕೂಡದು.

ಈ ಎರಡು ಪಠ್ಯಗಳನ್ನು ಅಕ್ಕಪಕ್ಕದಲ್ಲಿಟ್ಟರೆ ಯೇಸು ಎಲ್ಲಿ ನಿಂತಿದ್ದನೆಂಬುದು ತಿಳಿಯುತ್ತದೆ. ಗುಂಡಿ, ಕುರಿ, ಸಲಕರಣೆಗಳ ಬಗ್ಗೆ ಇಷ್ಟು ಸೂಕ್ಷ್ಮವಾಗಿ ವಾದಿಸುವವರೆಲ್ಲರೂ ಸಬ್ಬತ್ತು ದೇವರ ಆಜ್ಞೆಯೆಂದು ಒಪ್ಪಿದವರೇ. ಒಪ್ಪದವನಿಗೆ ಆ ವಾದವೇ ಬೇಡ. ಸಬ್ಬತ್ತಿನಂದು ಬತ್ತಿದ ಕೈಯವನೊಬ್ಬನನ್ನು ಯೇಸು ಗುಣಪಡಿಸುವುದು ಬರಿಯ ಮಾತಿನಿಂದ, ಮಾತಾಡುವುದನ್ನು ಯಾವ ಪಂಥವೂ ಸಬ್ಬತ್ತಿನಲ್ಲಿ ನಿಷಿದ್ಧ ಕೆಲಸವೆಂದು ಎಣಿಸಿರಲಿಲ್ಲ. ಜೀವ ಉಳಿಸಲು ಸಬ್ಬತ್ತನ್ನು ಮೀರಬಹುದೆಂಬ ತತ್ತ್ವವನ್ನು ರಬ್ಬಿಗಳು, ಅಂದರೆ ಫರಿಸಾಯರ ಪರಂಪರೆಯನ್ನು ಮುಂದುವರಿಸಿದ ಧರ್ಮಗುರುಗಳು, ನಿಯಮವಾಗಿಯೇ ಸ್ಥಾಪಿಸಿದರು. ಎರಡನೆಯ ಶತಮಾನದ ರಬ್ಬಿ ಶಿಮೋನ್ ಬೆನ್ ಮೆನಾಸ್ಯನ ಹೆಸರಿನಲ್ಲಿ ಉಳಿದಿರುವ, ಸಬ್ಬತ್ತು ಜನರಿಗಾಗಿ ಕೊಟ್ಟದ್ದೆಂಬ ವ್ಯಾಖ್ಯಾನವು ಮಾರ್ಕನು ಯೇಸುವಿನ ಬಾಯಲ್ಲಿ ಇಟ್ಟಿರುವ ಮಾತಿಗೆ ತೀರ ಸಮೀಪದ್ದು. ಫರಿಸಾಯರೊಡನೆ ಯೇಸುವಿಗಿದ್ದ ಜಗಳ ಹತ್ತಿರದವರ ಜಗಳ, ಆದ್ದರಿಂದಲೇ ಅಷ್ಟು ಬಿಸಿಯಾದದ್ದು.

ಆಹಾರನಿಯಮಗಳ ವಿಷಯದಲ್ಲಿಯೂ ಹೀಗೆಯೇ. ಯೇಸು ಎಲ್ಲ ಆಹಾರವನ್ನೂ ಶುದ್ಧವೆಂದು ಸಾರಿದನೆಂಬ ಮಾತು ಮಾರ್ಕನ ಸುವಾರ್ತೆಯಲ್ಲಿ ಲೇಖಕನ ಟಿಪ್ಪಣಿಯಾಗಿ ಬರುತ್ತದೆ. ಅದೇ ಪ್ರಸಂಗವನ್ನು ಹೇಳುವ ಮತ್ತಾಯನು ಆ ಟಿಪ್ಪಣಿಯನ್ನು ಬಿಟ್ಟು, ಚರ್ಚೆಯನ್ನು ಕೈತೊಳೆಯುವ ಸಂಪ್ರದಾಯಕ್ಕಷ್ಟೇ ನಿಲ್ಲಿಸುತ್ತಾನೆ. ಯೇಸುವಿನ ಆಪ್ತ ಶಿಷ್ಯ ಪೇತ್ರನು ಗುರುವಿನ ಮರಣಾನಂತರವೂ ತಾನು ನಿಷಿದ್ಧವಾದದ್ದನ್ನು ಎಂದೂ ತಿಂದವನಲ್ಲವೆಂದು ಹೇಳುವುದನ್ನು ‘ಅಪೊಸ್ತಲರ ಕೃತ್ಯಗಳು’ ಗ್ರಂಥ ದಾಖಲಿಸಿದೆ. ಗುರುವೇ ಈ ಪ್ರಶ್ನೆಯನ್ನು ಇತ್ಯರ್ಥಗೊಳಿಸಿದ್ದರೆ ಮುಂದೆ ಸಿರಿಯಾದ ಅಂತಿಯೋಕ್ಯದಲ್ಲಿ ಪೇತ್ರನೂ, ಯೆಹೂದ್ಯರಲ್ಲದವರನ್ನು ಪಂಥಕ್ಕೆ ಸೇರಿಸಿಕೊಳ್ಳುತ್ತಿದ್ದ ಪೌಲನೂ ಊಟದ ಪಂಕ್ತಿಯ ವಿಷಯವಾಗಿ ಎಲ್ಲರೆದುರು ಸೆಣಸಬೇಕಾದ ಪ್ರಮೇಯವೇ ಬರುತ್ತಿರಲಿಲ್ಲ.

ಯೇಸುವಿನ ಸಾವಿನ ನಂತರ ಯೆರೂಸಲೇಮಿನಲ್ಲಿ ಉಳಿದ ಶಿಷ್ಯವರ್ಗ ದಿನವೂ ದೇವಾಲಯಕ್ಕೆ ಹೋಗುತ್ತಿತ್ತು. ಅದರ ನಾಯಕ ಯೇಸುವಿನ ಸಹೋದರನೆನಿಸಿದ ಯಾಕೋಬ, ಧರ್ಮಶಾಸ್ತ್ರಪಾಲನೆಗೆ ಹೆಸರಾದವನು. ಕ್ರಿ.ಶ. 62ರಲ್ಲಿ ಸದ್ದುಕಾಯ ಪಂಥದ ಮಹಾಯಾಜಕ ಅನಾನಸ್ ಆತನನ್ನು ಕಲ್ಲೆಸೆದು ಕೊಲ್ಲಿಸಿದಾಗ, ಶಾಸ್ತ್ರದಲ್ಲಿ ನಿಷ್ಠರೆನಿಸಿದ್ದ ನಗರವಾಸಿಗಳೇ ಇದನ್ನು ಅನ್ಯಾಯವೆಂದು ಪ್ರತಿಭಟಿಸಿ ರಾಜ ಅಗ್ರಿಪ್ಪನಿಗೂ ರೋಮನ್ ಅಧಿಪತಿಗೂ ದೂರಿತ್ತರೆಂದೂ, ಅನಾನಸ್ ಪದವಿ ಕಳೆದುಕೊಂಡನೆಂದೂ ಜೋಸೀಫಸ್ ಬರೆದಿದ್ದಾನೆ. ಕ್ರೈಸ್ತನಲ್ಲದ ಲೇಖಕನೊಬ್ಬನ ಈ ಪುಟ್ಟ ವರದಿ ಬಹಳ ಬೆಲೆಯುಳ್ಳದ್ದು: ಯೇಸುವಿನ ಮರಣದ ಮೂವತ್ತು ವರ್ಷಗಳ ಮೇಲೂ ಆತನ ಅನುಯಾಯಿಗಳ ಮುಖಂಡನನ್ನು ನಿಷ್ಠಾವಂತ ಯೆಹೂದ್ಯರು ತಮ್ಮವನೆಂದೇ ತಿಳಿದಿದ್ದರು.

ಕವಲು ಒಡೆದದ್ದು ಅನ್ಯಜನರ, ಎಂದರೆ ಯೆಹೂದ್ಯರಲ್ಲದವರ ಪ್ರವೇಶದಿಂದ. ಫರಿಸಾಯನಾಗಿಯೇ ಬೆಳೆದ ಪೌಲನು ಸಿರಿಯಾ, ಏಷ್ಯಾ ಮೈನರ್, ಗ್ರೀಸ್‌ಗಳಲ್ಲಿ ಅವರನ್ನು ಸುನ್ನತಿಯಿಲ್ಲದೆ ಸೇರಿಸಿಕೊಂಡ. ಪ್ರವಾದಿಗಳು ಹೇಳಿದ್ದ ಅಂತ್ಯಕಾಲ ಬಂದಿದೆ, ಆಗ ಜನಾಂಗಗಳು ಜನಾಂಗಗಳಾಗಿಯೇ ಇಸ್ರೇಲಿನ ದೇವರತ್ತ ಬರಬೇಕೆಂಬುದು ಆತನ ನಂಬಿಕೆಯಾಗಿತ್ತು, ಅದೂ ಯೆಹೂದ್ಯ ನಂಬಿಕೆಯೇ. ಸುಮಾರು 49ರಲ್ಲಿ ಯೆರೂಸಲೇಮಿನಲ್ಲಿ ನಡೆದ ಸಭೆ ವಿಗ್ರಹಕ್ಕೆ ಅರ್ಪಿಸಿದ ಆಹಾರ, ರಕ್ತ, ಕುತ್ತಿಗೆ ಹಿಸುಕಿ ಕೊಂದ ಪ್ರಾಣಿಯ ಮಾಂಸ ಮತ್ತು ಅನೈತಿಕ ಸಂಬಂಧಗಳನ್ನು ಬಿಟ್ಟರೆ ಅವರಿಗೆ ಸಾಕೆಂದಿತು. ಆ ತೀರ್ಮಾನ ಮಾಡಿದವರು ಮುಂದೊಂದು ದಿನ ಅನ್ಯಜನರೇ ಬಹುಸಂಖ್ಯಾತರಾಗುತ್ತಾರೆಂದು ಎಣಿಸಿದ್ದಿರಲಾರದು.

ಉಳಿದುದನ್ನು ಎರಡು ಯುದ್ಧಗಳು ಮಾಡಿದವು. ರೋಮಿನ ವಿರುದ್ಧ ಎದ್ದ ದಂಗೆ 70ರಲ್ಲಿ ದೇವಾಲಯದ ನಾಶದೊಂದಿಗೆ ನೆಲಕಚ್ಚಿದ ಮೇಲೆ ಚಕ್ರವರ್ತಿ ವೆಸ್ಪಾಸಿಯನ್ ಯೆಹೂದ್ಯರೆಲ್ಲರ ಮೇಲೆ ವಾರ್ಷಿಕ ತೆರಿಗೆ ಹೇರಿ ಅದನ್ನು ರೋಮಿನ ಜೂಪಿಟರ್ ದೇವಾಲಯಕ್ಕೆ ಸಲ್ಲಿಸುವಂತೆ ಮಾಡಿದ. ಯಾರು ಯೆಹೂದ್ಯರು, ಯಾರು ಅಲ್ಲ ಎಂಬುದು ಆಗ ಸರ್ಕಾರಿ ಲೆಕ್ಕದ ಪ್ರಶ್ನೆಯಾಯಿತು. 132ರಿಂದ 135ರವರೆಗಿನ ಬಾರ್ ಕೋಖ್ಬನ ದಂಗೆಯ ಸೋಲಿನ ನಂತರ ಯೆರೂಸಲೇಮಿನೊಳಗೆ ಯೆಹೂದ್ಯರ ಪ್ರವೇಶವನ್ನೇ ನಿಷೇಧಿಸಲಾಯಿತು. ಅಲ್ಲಿಯವರೆಗೆ ಆ ನಗರದ ಸಭೆಯ ಬಿಷಪ್ಪರೆಲ್ಲರೂ ಸುನ್ನತಿಯಾದವರೇ ಆಗಿದ್ದು ಅನಂತರ ಮೊದಲ ಬಾರಿಗೆ ಅನ್ಯಜನರ ಬಿಷಪ್ ಬಂದನೆಂದು ನಾಲ್ಕನೆಯ ಶತಮಾನದ ಚರ್ಚ್ ಇತಿಹಾಸಕಾರ ಯುಸೇಬಿಯಸ್ ತಿಳಿಸುತ್ತಾನೆ.

ಇಷ್ಟಾದರೂ ಬೇರು ಕಡಿದುಕೊಳ್ಳಲು ಚರ್ಚ್ ಒಪ್ಪಲಿಲ್ಲ. ಯೆಹೂದ್ಯ ಧರ್ಮಗ್ರಂಥಗಳನ್ನು ಪೂರ್ತಿ ತ್ಯಜಿಸಬೇಕೆಂದ ಮಾರ್ಸಿಯನ್ ಎಂಬಾತನನ್ನು ರೋಮಿನ ಸಭೆ 144ರ ಸುಮಾರಿಗೆ ಹೊರಹಾಕಿತು; ಇಂದಿಗೂ ಕನ್ನಡ ಬೈಬಲಿನ ಮುಕ್ಕಾಲು ಭಾಗ ಹಳೆಯ ಒಡಂಬಡಿಕೆ, ಅಂದರೆ ಯೇಸು ಓದಿ ಬೆಳೆದ ಗ್ರಂಥಗಳು ಆಗಿರುವುದು ಆ ನಿಲುವಿನ ಫಲ. ಜನರ ಮಟ್ಟದಲ್ಲಂತೂ ನಂಟು ಇನ್ನೂ ಗಟ್ಟಿಯಾಗಿತ್ತು. ಈಸ್ಟರ್ ಹಬ್ಬದ ದಿನವನ್ನು ಯೆಹೂದ್ಯ ಪಂಚಾಂಗದಿಂದ ಬಿಡಿಸಬೇಕೆಂದು 325ರಲ್ಲಿ ನೈಸಿಯಾ ಮಹಾಸಭೆ ನಿರ್ಧರಿಸಬೇಕಾಯಿತು. ಅದಾಗಿ ಅರವತ್ತು ವರ್ಷಗಳ ಮೇಲೆ, 386-87ರಲ್ಲಿ, ಅಂತಿಯೋಕ್ಯದ ಪ್ರವಚನಕಾರ ಜಾನ್ ಕ್ರಿಸೋಸ್ಟಮ್ ಯೆಹೂದ್ಯರ ವಿರುದ್ಧ ಸಾಲುಸಾಲಾಗಿ ಉಗ್ರ ಭಾಷಣಗಳನ್ನು ಮಾಡಿದ. ಆತನ ಸಿಟ್ಟಿಗೆ ಕಾರಣವಾದದ್ದು ಆತನದೇ ಸಭೆಯ ಜನ: ಅವರು ಶರತ್ಕಾಲದ ಯೆಹೂದ್ಯ ಹಬ್ಬಗಳಿಗೆ ಹೋಗುತ್ತಿದ್ದರು, ಉಪವಾಸ ಹಿಡಿಯುತ್ತಿದ್ದರು, ಸಭಾಮಂದಿರದಲ್ಲಿ ಮಾಡಿದ ಆಣೆಗೆ ಹೆಚ್ಚು ಬಲವೆಂದು ನಂಬಿ ಹೆಂಗಸೊಬ್ಬಳನ್ನು ಅಲ್ಲಿಗೆ ಆಣೆ ಮಾಡಿಸಲು ಎಳೆದೊಯ್ಯುತ್ತಿದ್ದ ಕ್ರೈಸ್ತನೊಬ್ಬನನ್ನು ಆತ ತಾನೇ ತಡೆದನಂತೆ. ಬೇಲಿ ಇಲ್ಲದ ಕಡೆ ಬೇಲಿ ಹಾಕಲು ಬಳಸಿದ ಆ ಬೈಗುಳಗಳು ಮುಂದಿನ ಶತಮಾನಗಳಲ್ಲಿ ಯೆಹೂದ್ಯರ ಹಿಂಸೆಗೆ ಆಯುಧವಾದದ್ದು ಕ್ರೈಸ್ತ ಇತಿಹಾಸದ ಅತಿ ನೋವಿನ ಅಧ್ಯಾಯ.

ಆ ಅಧ್ಯಾಯದ ತುದಿಯಲ್ಲಿ, 1939ರಲ್ಲಿ, ಜರ್ಮನಿಯ ಐಸೆನಾಖ್‌ನಲ್ಲಿ ವಾಲ್ಟರ್ ಗ್ರುಂಡ್ಮನ್ ಎಂಬ ದೇವತಾಶಾಸ್ತ್ರಜ್ಞನ ನೇತೃತ್ವದಲ್ಲಿ ಚರ್ಚಿನ ಬದುಕಿನಿಂದ ಯೆಹೂದ್ಯ ಪ್ರಭಾವವನ್ನು ಅಳಿಸುವ ಸಂಸ್ಥೆಯೊಂದು ತೆರೆಯಿತು. ಯೇಸು ಯೆಹೂದ್ಯನೇ ಅಲ್ಲವೆಂದು ಅದು ಸಾರಿತು. ಯೇಸುವಿನ ಮರಣದ ಹೊಣೆಯನ್ನು ಯೆಹೂದ್ಯ ಜನಾಂಗದ ಮೇಲೆ ಹೊರಿಸಕೂಡದೆಂದು ಕ್ಯಾಥೊಲಿಕ್ ಚರ್ಚ್ ‘ನೋಸ್ತ್ರಾ ಎತಾತೆ’ ಘೋಷಣೆಯಲ್ಲಿ ಹೇಳಿದ್ದು 1965ರಲ್ಲಿ. ಶಿಲುಬೆ ರೋಮನ್ನರ ಶಿಕ್ಷೆ, ಅದರ ಮೇಲೆ ಬರೆಸಿದ್ದ ‘ಯೆಹೂದ್ಯರ ಅರಸ’ ಎಂಬ ಆರೋಪ ರಾಜದ್ರೋಹದ್ದು ಎಂಬುದನ್ನು ಇತಿಹಾಸಕಾರರು ಅದಕ್ಕೂ ಬಹಳ ಮೊದಲೇ ತೋರಿಸಿದ್ದರು.

ಇಂದಿನ ವಿದ್ವಾಂಸರ ಚರ್ಚೆ ಯೇಸು ಎಂತಹ ಯೆಹೂದ್ಯ ಎಂಬುದರ ಸುತ್ತ ನಡೆಯುತ್ತದೆ. ಆತ ಫರಿಸಾಯನೇ ಆಗಿದ್ದನೆಂದು 1860ರ ದಶಕದಲ್ಲಿ ವಾದಿಸಿದ ರಬ್ಬಿ ಅಬ್ರಹಾಂ ಗೈಗರ್ ಅವರು ಜರ್ಮನ್ ಪಂಡಿತರ ಕೋಪಕ್ಕೆ ಗುರಿಯಾದರು. ಯೆಹೂದ್ಯರಾಗಿ ಹುಟ್ಟಿ, ಕ್ಯಾಥೊಲಿಕ್ ಪಾದ್ರಿಯಾಗಿದ್ದು, ಮತ್ತೆ ಮೂಲಕ್ಕೆ ಮರಳಿದ ಗೇಜಾ ವೆರ್ಮೆಶ್ ಅವರು 1973ರ ತಮ್ಮ ಗ್ರಂಥದಲ್ಲಿ ಆತನನ್ನು, ಪ್ರಾರ್ಥನೆಯಿಂದ ದೂರದ ರೋಗಿಯನ್ನು ಗುಣಪಡಿಸಿದನೆಂದು ಹೆಸರಾದ ಹನೀನ ಬೆನ್ ದೋಸನಂತಹ ಗಲಿಲಾಯದ ಪುಣ್ಯಪುರುಷರ ಸಾಲಿಗೆ ಸೇರಿಸಿದರು. ಇಸ್ರೇಲಿನ ಪುನಃಸ್ಥಾಪನೆ ಸಮೀಪಿಸಿದೆಯೆಂದು ಸಾರಿದ ಪ್ರವಾದಿಯೆಂದು 1985ರಲ್ಲಿ ಇ.ಪಿ. ಸ್ಯಾಂಡರ್ಸ್ ಪ್ರತಿಪಾದಿಸಿದರು. ಮೂರರಲ್ಲಿ ಈ ಕೊನೆಯದೇ ಹೆಚ್ಚು ಗಟ್ಟಿ. ಚದುರಿಹೋಗಿದ್ದ ಹನ್ನೆರಡು ಕುಲಗಳ ಲೆಕ್ಕಕ್ಕೆ ಸರಿಯಾಗಿ ಯೇಸು ಹನ್ನೆರಡು ಮಂದಿ ಶಿಷ್ಯರನ್ನು ಆರಿಸಿಕೊಂಡದ್ದು, ದೇವಾಲಯದ ಅಂಗಳದಲ್ಲಿ ನಾಣ್ಯ ವಿನಿಮಯದವರ ಮೇಜುಗಳನ್ನು ಕೆಡವಿದ್ದು, ಹಬ್ಬದ ಜನಸಂದಣಿಯಲ್ಲಿ ದಂಗೆಯೇಳಬಹುದೆಂದು ಮಹಾಯಾಜಕ ಕಾಯಫನೂ ಪಿಲಾತನೂ ಬೆದರಿದ್ದು, ಈ ಮೂರನ್ನೂ ಒಟ್ಟಿಗೆ ವಿವರಿಸುವ ಶಕ್ತಿ ಅದಕ್ಕಿದೆ.