ಅಟ್ಟದ ಕೆಳಗಿನ ಫಿಯೆಟ್ಟೂ ಅದರ ಪಿಸ್ಟನ್ನೂ

ಎರಡು ವರ್ಷದಿಂದ ನಮ್ಮನೇಲಿ ಬೆಳಿಗ್ಗೆ ಎದ್ರೆ ಪಿಸ್ಟನ್ನು, ಸಂಜೆ ಆದ್ರೆ ಬೇರಿಂಗು. ಕೊಬ್ಬರಿ ರೇಟು ಮಾತಾಡೋದನ್ನೂ ಮರೆತವ್ರೆ. ಮಾವನವ್ರ ಹಳೇ ಫಿಯೆಟ್ಟಿನ ಎಂಜಿನ್ ಬಿಚ್ಚಿ ಮತ್ತೆ ಕಟ್ತಾವ್ರೆ ಅಂತ ಅರಳಗುಪ್ಪೆಗೆಲ್ಲಾ ಗೊತ್ತು. ಬಂದೋರೆಲ್ಲಾ ಕೇಳೋದು ಒಂದೇ, "ಅಷ್ಟು ಹಳೇ ಗಾಡಿಗೆ ಸಾಮಾನು ಎಲ್ಲಿ ಸಿಗ್ತಾವಕ್ಕ?" ಅದಕ್ಕೆ ಒಂದು ಮಾತಲ್ಲಿ ಉತ್ತರ ಹೇಳಕ್ಕಾಗಲ್ಲ. ಒಂದೊಂದು ಸಾಮಾನಿನ ಹಿಂದೇನೂ ಒಂದು ಕಥೆ ಐತೆ. ಒಲೆ ಮೇಲೆ ಏನಾದ್ರೂ ಇದ್ರೆ ಇಳಿಸಿ ಬನ್ನಿ, ಸ್ವಲ್ಪ ಉದ್ದ ಐತೆ.

ಗಾಡಿ 1967ರ ಮಾಡಲ್ಲು, ಫಿಯೆಟ್ 1100 ಡಿಲೈಟ್. ಮೈಸೂರು ರಾಜ್ಯದ ಕಾಲದ ‘ಎಂವೈ’ ನಂಬರು. ಇಪ್ಪತ್ತು ವರ್ಷಕ್ಕೂ ಮೇಲೆ ಕೊಬ್ಬರಿ ಅಟ್ಟದ ಕೆಳಗೆ ನಿಂತಿತ್ತು. ಮೇಲೆ ಕಾಯಿ ವರ್ಷಗಟ್ಟಲೆ ಒಣಗಿ ಉಂಡೆ ಕೊಬ್ಬರಿ ಆಗ್ತಿತ್ತು, ಕೆಳಗೆ ಇದು ತುಕ್ಕು ಹಿಡೀತಿತ್ತು. ಗುಜರಿಯವನು ಬಂದು ಕೇಜಿ ಲೆಕ್ಕದಲ್ಲಿ ರೇಟು ಹೇಳಿದ ದಿನ ನಮ್ಮತ್ತೆ ಎದ್ದು ಒಳಕ್ಕೆ ಹೋದೋರು, ಎರಡು ದಿನ ಯಾರ ಹತ್ರಾನೂ ಮಾತಾಡ್ಲಿಲ್ಲ. ಅವರಿಗೀಗ ಎಂಬತ್ತೆರಡು. ಮಾವನವ್ರ ಪಕ್ಕ ಕೂತ್ಕಂಡು ಎಡೆಯೂರು ತೇರಿಗೆ ಹೋಗ್ತಿದ್ದ ಗಾಡಿ ಅದು. ಮೂರನೇ ದಿನ ಮೈದುನ, ನನ್ನ ಮಗ ಇಬ್ರೂ ಸೇರಿ ಬಾನೆಟ್ ಎತ್ತಿದ್ರು.

ಈಗ ಹಳೇ ಕಥೆಗೆ ಬರ್ತೀನಿ. ನಮ್ಮ ದೇಶದಲ್ಲೇ ಕಾರು ಮಾಡಬೇಕು ಅಂತ ಹಟ ಹಿಡಿದವರಲ್ಲಿ ಮೊದಲಿಗರು ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರು. ದಿವಾನಗಿರಿ ಬಿಟ್ಟು ಎಷ್ಟೋ ವರ್ಷ ಆಗಿತ್ತು, ಎಪ್ಪತ್ತು ದಾಟಿದ್ದರು, ಆದ್ರೂ 1935ರಲ್ಲಿ ಯುರೋಪು, ಅಮೆರಿಕ ಸುತ್ತಿ ಕಾರಿನ ಕಾರ್ಖಾನೆಗಳನ್ನ ನೋಡ್ಕಂಡು ಬಂದರು. ಆಮೇಲೆ ವಾಲಚಂದ್ ಹೀರಾಚಂದ್ ಜೊತೆಗೂಡಿದರು. ಬೆಂಗಳೂರಲ್ಲಿ ಕಾರ್ಖಾನೆ ಮಾಡೋಣ ಅಂತ ಮೈಸೂರು ಸರ್ಕಾರಾನೂ ಮನಸ್ಸು ಮಾಡಿತ್ತು. ಬ್ರಿಟಿಷರು ಒಪ್ಪಲಿಲ್ಲ. ವಾಲಚಂದರು 1940ರಲ್ಲಿ ಬೆಂಗಳೂರಲ್ಲಿ ವಿಮಾನದ ಕಾರ್ಖಾನೆ ಶುರು ಮಾಡಿದರು, ಅದೇ ಇವತ್ತಿನ ಎಚ್‌ಎಎಲ್. ಕಾರಿನ ಕಂಪನಿ 1944ರಲ್ಲಿ ಬೊಂಬಾಯಿ ಕಡೆ ಹೋಯ್ತು. ಅದೇ ಪ್ರೀಮಿಯರ್ ಆಟೊಮೊಬೈಲ್ಸ್, ಕುರ್ಲಾದಲ್ಲಿ. ನಮ್ಮ ಫಿಯೆಟ್ಟು ಹುಟ್ಟಿದ್ದು ಅಲ್ಲೇ. ಅವತ್ತು ಅನುಮತಿ ಸಿಕ್ಕಿದ್ರೆ ನಮ್ಮ ಮೈದುನ ಪಿಸ್ಟನ್ನಿಗೆ ಅಂತ ಮುಂಬಯಿ ರೈಲು ಹತ್ತೋದು ತಪ್ತಿತ್ತೋ ಏನೋ.

ಅದಕ್ಕೂ ಮುಂಚೆ ನಮ್ಮ ಕಡೆ ಓಡ್ತಿದ್ದ ಮೋಟಾರೆಲ್ಲಾ ಹೊರದೇಶದ್ದು. ಜನರಲ್ ಮೋಟರ್ಸ್‌ನೋರು 1928ರಿಂದ ಬೊಂಬಾಯಲ್ಲಿ ಷೆವರ್ಲೆ ಗಾಡಿ ಜೋಡಿಸ್ತಿದ್ರು, ಸಾಮಾನೆಲ್ಲಾ ಹಡಗಲ್ಲಿ ಬರೋದು. ಎರಡನೇ ಮಹಾಯುದ್ಧದಲ್ಲಿ ಪೆಟ್ರೋಲೂ ಇಲ್ಲ, ಸಾಮಾನೂ ಇಲ್ಲ. ಹಿಂದ್ಗಡೆ ಇದ್ದಿಲ ಒಲೆ ಕಟ್ಕಂಡು ಓಡೋ ಬಸ್ಸು ಇತ್ತಲ್ಲ, ಅದನ್ನ ನಿಮ್ಮ ಮನೆ ಹಿರೀಕರೂ ಹೇಳಿರ್ತಾರೆ. ಸ್ವಾತಂತ್ರ್ಯ ಬಂದ ಮೇಲೆ 1953ರಲ್ಲಿ ಸರ್ಕಾರ ಇನ್ನೊಂದು ತೀರ್ಮಾನ ಮಾಡ್ತು. ಬರೀ ಜೋಡಿಸೋರು ಬೇಡ, ಇಲ್ಲೇ ತಯಾರು ಮಾಡೋರು ಮಾತ್ರ ಇರಲಿ ಅಂತ. ಫೋರ್ಡು, ಷೆವರ್ಲೆ ಕಂಪನಿಯೋರು ಬಾಗಿಲು ಹಾಕ್ಕಂಡು ಹೋದರು. ಅವರ ಗಾಡಿ ಇಟ್ಕಂಡೋರು ಅನಾಥರಾದರು. ಒಂದು ಗಾಡಿ ಓಡಕ್ಕೆ ಇನ್ನೊಂದು ಗಾಡಿ ಬಿಚ್ಚೋದು ಆಗಿನಿಂದ ಬಂದ ರೂಢಿ.

ಆದ್ರೆ ಅದರಿಂದ ಒಳ್ಳೇದೂ ಆಯ್ತು ಅನ್ನಿ. ಸಾಮಾನು ಇಲ್ಲೇ ಆಗಕ್ಕೆ ಶುರುವಾಯ್ತು. ಮದ್ರಾಸಿನ ಇಂಡಿಯಾ ಪಿಸ್ಟನ್ಸ್ 1949ರಲ್ಲಿ, ಬೆಂಗಳೂರು ಆಡುಗೋಡಿಯ ಮೈಕೊ 1951ರಲ್ಲಿ. ನಮ್ಮ ಗಾಡಿ ಬಿಚ್ಚಿದಾಗ ಒಳಗೆ ಸಿಕ್ಕಿದ ಪ್ಲಗ್ಗು ಮೈಕೊದ್ದೇ. ಸಿಗದ ಸಾಮಾನನ್ನ ಲೇಥಲ್ಲಿ ಕಡೆದು ಕೊಡೋರೂ ಊರೂರಲ್ಲಿ ಹುಟ್ಟಿಕೊಂಡರು. ತಿಪಟೂರಿನ ಲೇಥು ಶೆಡ್ಡಲ್ಲಿ ನಮ್ಮ ವಾಟರ್ ಪಂಪಿನ ಶಾಫ್ಟ್ ಕಡೆದ ಮಿಷನ್ನು ಹರಿಹರದ ಮೈಸೂರು ಕಿರ್ಲೋಸ್ಕರ್‌ದು. ಆ ಕಾರ್ಖಾನೆ ಮುಚ್ಚಿ ಎಷ್ಟು ಕಾಲ ಆಯ್ತು, ಮಿಷನ್ನು ಇನ್ನೂ ದುಡೀತಾ ಐತೆ.

ನಮಗೆ ತೊಂದರೆ ಆಗಿದ್ದು ಪಿಸ್ಟನ್ನಿಂದ. ನಮಗೆ ತಿಳಿಯೋ ಹಂಗೆ ಹೇಳ್ತೀನಿ. ಒಳಕಲ್ಲು ರುಬ್ಬಿ ರುಬ್ಬಿ ಗುಳಿ ಅಗಲ ಆದ್ರೆ ಹಳೇ ಗುಂಡು ಲೊಡಬಡ ಅನ್ನಲ್ವಾ, ಎಂಜಿನ್ನಿನ ಸಿಲಿಂಡರೂ ಅಷ್ಟೇ. ಸವೆದ ಮೇಲೆ ಅದನ್ನ ನಯವಾಗಿ ಕೊರೆಸಿ, ಸ್ವಲ್ಪ ದಪ್ಪದ ಪಿಸ್ಟನ್ ಹಾಕ್ಬೇಕು. ಹೊಸದರಲ್ಲಿ ಒಂದೊಂದು ಸಿಲಿಂಡರು 68 ಮಿಲಿಮೀಟರು ಅಗಲ, ಅಂಥವು ನಾಲ್ಕು. ಮಿಲಿಮೀಟರಿನ ಹತ್ತರಲ್ಲಿ ಎರಡು ಭಾಗ, ನಾಲ್ಕು ಭಾಗ ಅಂತ ದಪ್ಪ ಏರಿಸ್ತಾ ಹೋಗೋದು. ಗೋಡೆ ತೆಳ್ಳಗಾದ್ರೆ ಮುಗೀತು, ಮತ್ತೆ ಕೊರೆಯಂಗಿಲ್ಲ. ಮಾವನವ್ರು ಆಗಲೇ ಒಂದು ಸಲ ಕೊರೆಸಿದ್ರು. ಬೆಂಗಳೂರು ಜೆ.ಸಿ. ರಸ್ತೆಲಿ ಕೇಳಿದ್ರೆ ಮೊದಲಿನ ಅಳತೇದೇ ಸಿಗೋದು, ದಪ್ಪದ್ದು ಇಲ್ಲ. ಶಿವಾಜಿನಗರದ ಗುಜರಿಲೂ ಇಲ್ಲ. ಒಂದು ಕಡೆಯಂತೂ ಹಳೇ ಡಬ್ಬಿಯೊಳಗೆ ಡೂಪ್ಲಿಕೇಟ್ ಗ್ಯಾಸ್ಕೆಟ್ ಇಟ್ಟು ಒರಿಜಿನಲ್ ರೇಟು ತಗಂಡ್ರು. ಅಂಗಡಿ ಹೆಸರು ಯಾಕೆ ಬಿಡಿ.

ಕೊನೆಗೆ ಕುರ್ಲಾದ ಹಳೇ ಸಾಮಾನಿನ ಅಂಗಡೀಲೇ ಸಿಕ್ತು. ಅಲ್ಲಿ ಯಾಕೆ ಸಿಕ್ತು ಅಂದ್ರೆ ಟ್ಯಾಕ್ಸಿ. ನಮ್ಮ ಡಿಲೈಟು, ಆಮೇಲೆ ಬಂದ ಪ್ರೀಮಿಯರ್ ಪದ್ಮಿನಿ, ಎರಡಕ್ಕೂ ಅದೇ 1089 ಸಿಸಿ ಎಂಜಿನ್ನು. ಚಿತ್ತೋರಿನ ರಾಣಿ ಹೆಸರಿಟ್ಟ ಆ ಕಾರು ಮುಂಬಯಲ್ಲಿ ಕಪ್ಪು ಹಳದಿ ಬಣ್ಣ ಬಳ್ಕಂಡು ಸಾವಿರಗಟ್ಟಲೆ ಓಡ್ತು. ಅಷ್ಟು ಗಾಡಿ ಓಡೋವರೆಗೂ ಸಾಮಾನು ಮಾಡೋರೂ ಇದ್ರು, ಮಾರೋರೂ ಇದ್ರು. ಅಲ್ಲಿ ಟ್ಯಾಕ್ಸಿಗೆ 20 ವರ್ಷದ ಗಡುವು. ಕೊನೇ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರಲ್ಲಿ ನಿಂತೋಯ್ತು. ಇನ್ಮೇಲೆ ಇದ್ದದ್ದು ಖರ್ಚಾಗೋದೇ, ಹೊಸದು ಬರಲ್ಲ. ಮೈದುನನಿಗೆ ಒಂದೇ ಕಂಪನಿಯವು ಮೂರು ಸಿಕ್ಕಿದ್ವು, ನಾಲ್ಕನೇದು ಬೇರೆ. ನಾಲ್ಕೂ ಒಂದೇ ತೂಕ ಇಲ್ಲದಿದ್ರೆ ಎಂಜಿನ್ ನಡುಗುತ್ತಂತೆ. ಬೇರೆದು ಒಂಚೂರು ಭಾರ ಇತ್ತು. ಅಕ್ಕಸಾಲಿಗರ ತಕ್ಕಡಿಲಿ ಇಟ್ಟು, ಒಳಗಡೆಯಿಂದ ಚೂರು ಚೂರೇ ಅರ ಹಾಕಿಸಿ ಸರಿ ಮಾಡಿಸಿದ್ರು. ಬಂಗಾರ ತೂಗೋ ಕಡೆ ಪಿಸ್ಟನ್ ಇಟ್ಟಿದ್ದು ಕಂಡು ಸರ ಮಾಡಿಸಕ್ಕೆ ಬಂದಿದ್ದ ಹೆಂಗಸರೆಲ್ಲಾ ನಕ್ಕಿದ್ದೇ ನಕ್ಕಿದ್ದು.

ಇನ್ನು ಕಾಗದದ ವಿಚಾರ. 2021ರಲ್ಲಿ ಕೇಂದ್ರ ಸರ್ಕಾರ ನಿಯಮ ತಂತು, 50 ವರ್ಷ ದಾಟಿದ ಗಾಡಿನ ವಿಂಟೇಜ್ ಅಂತ ನೋಂದಾಯಿಸಬಹುದು. ನಂಬರಲ್ಲಿ ‘ವಿಎ’ ಅಂತ ಬರುತ್ತೆ, ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷ ನಡೆಯುತ್ತೆ. ಮಗನಿಗೆ ಅದೇ ಆಸೆ. ಆದ್ರೆ ಆ ಗಾಡಿನ ಪ್ರದರ್ಶನಕ್ಕೆ, ರ‍್ಯಾಲಿಗೆ, ರಿಪೇರಿಗೆ, ಪೆಟ್ರೋಲ್ ಹಾಕ್ಸಕ್ಕೆ ಬಿಟ್ರೆ ದಿನಬಳಕೆಗೆ ರಸ್ತೆಗಿಳಿಸಂಗಿಲ್ಲ. ಅದನ್ನ ಓದಿ ಹೇಳಿದ್ದಕ್ಕೆ ಅತ್ತೆ, "ಎಡೆಯೂರಿಗೆ ಹೋಗ್ದಿರೋ ಕಾರು ನಂಗ್ಯಾಕಪ್ಪ, ನೋಡಕ್ಕೆ ಫೋಟೋ ಐತಲ್ಲ" ಅಂದ್ರು. ನನ್ನ ಓಟೂ ಅವರಿಗೇ. ಹಳೇ ನೋಂದಣಿನೇ ನವೀಕರಣ ಮಾಡಿಸಕ್ಕೆ ಓಡಾಡ್ತಾವ್ರೆ.

ಬ್ಲಾಕು ಕೊರೆದು ಬಂದೈತೆ, ಪಿಸ್ಟನ್ ಕೂತಾವೆ. ಈಗ ಬೇಕಿರೋದು ಒಂದು ಟೈಮಿಂಗ್ ಚೈನು, ಸೋಲೆಕ್ಸ್ ಕಾರ್ಬುರೇಟರಿನ ಒಳಗಿನ ಸಣ್ಣ ಸಾಮಾನು. ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ಯಾರ ಮನೆ ಹಿತ್ತಲಲ್ಲಾದ್ರೂ ಪದ್ಮಿನಿ ನಿಂತಿದ್ರೆ, ಹಳೇ ಬಿಸ್ಕತ್ ಡಬ್ಬೀಲಿ ನಟ್ಟು ಬೋಲ್ಟು ಇಟ್ಟಿದ್ರೆ, ಗುಜರಿಗೆ ಹಾಕೋ ಮುಂಚೆ ನನಗೊಂದು ಮಾತು ಹೇಳಿ. ಈ ಸಲ ತೇರಿನ ಹೊತ್ತಿಗೆ ಮುಗಿಸಬೇಕು ಅಂತ ಅವ್ರೆ.